ಅಕ್ಟೋಬರ್‌ಗೆ ಅನ್ನಪೂರ್ಣ ಸರ್ಕ್ಯೂಟ್: ಈ ಮಳೆಯಲ್ಲಿ ತಯಾರಿ ಮಾಡೋದು ಹೇಗೆ?

ಮಾದಾಪುರ_ತೋಟ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನಾನೂ ನನ್ನ ನಾದಿನಿಯೂ ಅಕ್ಟೋಬರ್ ಕೊನೆಗೆ ನೇಪಾಳಕ್ಕೆ ಹೋಗಿ ಅನ್ನಪೂರ್ಣ ಸರ್ಕ್ಯೂಟ್, ಅಂದ್ರೆ ಅನ್ನಪೂರ್ಣ ಪರ್ವತಗಳನ್ನು ಸುತ್ತಿ ಬರುವ ಚಾರಣದ ದಾರಿ, ನಡೆಯಬೇಕು ಅಂತಿದ್ದೇವೆ. ಅರೇಬಿಕಾ ಕೊಯ್ಲು ಜೋರಾಗುವ ಮೊದಲು ವಾಪಸ್ ಬರಬೇಕು, ಇಲ್ಲದಿದ್ದರೆ ಮನೆಯವರು ಒಳಗೆ ಸೇರಿಸುವುದಿಲ್ಲ. ನನಗೆ 46. ತೋಟ ಸುತ್ತಿ ಕಾಲು ಗಟ್ಟಿ ಇದೆ. ಆದರೆ ಬೆನ್ನ ಮೇಲೆ ಹೊರೆ ಹೊತ್ತು ದಿನಗಟ್ಟಲೆ ನಡೆದವಳಲ್ಲ.

ತಯಾರಿಗೆ ಸಿಕ್ಕಿರೋದು ಈ ಮಳೆಗಾಲ ಮಾತ್ರ. ಪುಷ್ಪಗಿರಿ ಬೆಟ್ಟ ಹತ್ತೋಕೆ ಈಗ ಬಿಡುತ್ತಿಲ್ಲ. ಹೊರಗೆ ಕಾಲಿಟ್ಟರೆ ಜಿಗಣೆ. ನಾದಿನಿ ಬೆಂಗಳೂರಿನ ಜಿಮ್‌ನಲ್ಲಿ ಆರಾಮಾಗಿ ಮೆಟ್ಟಿಲು ಹತ್ತುತ್ತಿದ್ದಾಳೆ. ನಾನೇನು ಮಾಡಲಿ?

ಸಾಮಾನು ಇಷ್ಟಿದೆ: 50 ಲೀಟರ್ ಬ್ಯಾಗ್, ಪೊಂಚೊ, ಡೌನ್ (ಪುಕ್ಕ ತುಂಬಿದ) ಜಾಕೆಟ್, ಸ್ಲೀಪಿಂಗ್ ಬ್ಯಾಗ್, ನೀರಿನ ಫಿಲ್ಟರ್, ಅಣ್ಣ ಕೊಟ್ಟ ಇಬ್ಬರ ಟೆಂಟ್. ಶೂ ಕೆಲವು ವರ್ಷ ಹಳೆಯದು, ಒಳ್ಳೆ ಕಂಪನಿಯದ್ದು, ಹಾಕಿದ್ದೇ ಕಡಿಮೆ, ಬೀರುವಿನಲ್ಲಿ ಜೋಪಾನವಾಗಿದೆ. ಇದನ್ನೆಲ್ಲ ಇಲ್ಲೇ ಹೇಗೆ ಪರೀಕ್ಷೆ ಮಾಡೋದು ಅಂತ ತಿಳಿದವರು ಹೇಳಿ.

ಶಾಂತಳ್ಳಿ_ಕಡೆಯವ:

ಅಕ್ಕ, ಮೊದಲು ಆ ಶೂ ಹೊರಗೆ ತೆಗೀರಿ. ಹಾಕಿ ಸವೆಸಿದ ಶೂಗಿಂತ ಹಾಕದೆ ಇಟ್ಟ ಶೂನೇ ಜಾಸ್ತಿ ಕೈಕೊಡುತ್ತದೆ. ಸೋಲ್ ನಡುವೆ ಪಾಲಿಯುರಿಥೇನ್ ಪದರ ಇರುತ್ತದಲ್ಲ, ಅದು ಗಾಳಿಯ ತೇವ ಹೀರಿ ವರ್ಷ ಕಳೆದಂತೆ ಒಳಗೊಳಗೇ ಶಿಥಿಲವಾಗುತ್ತದೆ. ನಮ್ಮ ಜಿಲ್ಲೆಯ ತೇವ ಅಂದ್ರೆ ಕೇಳಬೇಕಾ? ಹೊರಗಿನಿಂದ ನೋಡಿದರೆ ಹೊಸ ಶೂ ಹಾಗೇ ಇರುತ್ತದೆ. ಹಿಮ್ಮಡಿಯ ಪಕ್ಕ, ಸೋಲ್‌ನ ಬದಿಗೆ ಹೆಬ್ಬೆರಳಿನಿಂದ ಜೋರಾಗಿ ಒತ್ತಿ. ಗೆರೆ ಗೆರೆಯಾಗಿ ಬಿರಿದರೆ ಅಥವಾ ಪುಡಿ ಉದುರಿದರೆ ಅದರ ಆಸೆ ಬಿಡಿ. ಅಂಥ ಸೋಲ್ ದಾರಿ ನಡುವೆ ಪೂರ್ತಿ ಕಳಚಿ ಬರುತ್ತದೆ. ಬ್ಯಾಗ್ ಒಳಮೈಯ ಲೇಪವನ್ನೂ ಮುಟ್ಟಿ ನೋಡಿ. ಅಂಟಂಟಾಗಿದ್ದು ಹುಳಿ ವಾಸನೆ ಬಂದರೆ ಅದಕ್ಕೂ ಇದೇ ಕಾಯಿಲೆ.

ಟೆಂಟ್ ಅಣ್ಣನಿಗೆ ವಾಪಸ್ ಕೊಡಿ. ಸರ್ಕ್ಯೂಟ್ ದಾರಿಯುದ್ದಕ್ಕೂ ಲಾಡ್ಜ್‌ಗಳಿವೆ, ಊಟ ಹಾಸಿಗೆ ಅಲ್ಲೇ. ಸುಮ್ನೆ ಎರಡು ಮೂರು ಕೆ.ಜಿ. ಯಾಕೆ ಹೊರುತ್ತೀರಿ?

ಇನ್ನು ಮಳೆ. ಬೇರೆ ಊರಿನವರು ಬಚ್ಚಲಲ್ಲಿ ಷವರ್ ಕೆಳಗೆ ನಿಂತು ಪೊಂಚೊ ಪರೀಕ್ಷೆ ಮಾಡುತ್ತಾರೆ. ನಿಮಗೆ ಆ ಕರ್ಮ ಇಲ್ಲ. ಬ್ಯಾಗ್‌ನ ತಳಕ್ಕೆ, ಬೆನ್ನಿನ ಕಡೆಗೆ, ಮೇಲಿನ ಮುಚ್ಚಳದೊಳಗೆ ಹಳೆಯ ಪೇಪರ್ ಹಾಳೆ ಇಡಿ. ಕವರ್ ಹಾಕಿ, ಪೊಂಚೊ ತೊಟ್ಟು, ಜೋರು ಮಳೆಯಲ್ಲಿ ಎರಡು ಗಂಟೆ ನಡೆದು ಬನ್ನಿ. ಯಾವ ಹಾಳೆ ಒದ್ದೆಯಾಗಿದೆಯೋ ಅಲ್ಲಿಂದ ನೀರು ಬಂದಿದೆ ಅಂತ ಅರ್ಥ. ಸಾಮಾನ್ಯವಾಗಿ ಬೆನ್ನಿನ ಕಡೆಯಿಂದಲೇ ಬರುತ್ತದೆ, ಯಾಕಂದ್ರೆ ಮಳೆ ಕವರ್ ಆ ಬದಿ ಮುಚ್ಚುವುದಿಲ್ಲ. ಕುತ್ತಿಗೆಯಿಂದ ಇಳಿದ ನೀರು ನೇರ ಒಳಗೆ. ಇದಕ್ಕೆ ಅಂಗಡಿಯ ದುಬಾರಿ ಚೀಲ ಬೇಡ. ಗೊಬ್ಬರದ ಮೂಟೆಯೊಳಗೆ ಬರುವ ದಪ್ಪ ಪ್ಲಾಸ್ಟಿಕ್ ಚೀಲವನ್ನು ಚೆನ್ನಾಗಿ ತೊಳೆದು ಒಣಗಿಸಿ ಬ್ಯಾಗ್ ಒಳಗೆ ಇಳಿಸಿ. ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಅದರೊಳಗೆ. ಡೌನ್ ಒದ್ದೆಯಾದರೆ ಪುಕ್ಕ ಗಂಟು ಕಟ್ಟಿ ಶಾಖ ಹಿಡಿಯುವುದಿಲ್ಲ. ಹೊರಡುವ ತನಕ ಅವೆರಡನ್ನೂ ಸಣ್ಣ ಚೀಲಕ್ಕೆ ತುರುಕಿಡಬೇಡಿ, ಒಣ ಕೋಣೆಯಲ್ಲಿ ಸಡಿಲವಾಗಿ ನೇತುಹಾಕಿ.

ನಡಿಗೆಗೆ ನಿಮ್ಮ ತೋಟದ ಏರೇ ಸಾಕು. ಅಂಗಳದಿಂದ ಮೇಲಿನ ಬೇಲಿಯವರೆಗೆ ಹತ್ತಿ ಇಳಿಯಿರಿ. ಐದು ಕೆ.ಜಿ.ಯಿಂದ ಶುರು ಮಾಡಿ. ತೂಕಕ್ಕೆ ಕಾಫಿ ಹಣ್ಣು ತೂಗುವ ತಕ್ಕಡಿ ಇದ್ದೇ ಇದೆ ಅಲ್ವಾ? ಒಂದೇ ವಾರದಲ್ಲಿ ದೂರವನ್ನೂ ತೂಕವನ್ನೂ ಹೆಚ್ಚಿಸಬೇಡಿ, ಯಾವುದಾದರೂ ಒಂದು. ನಸುಕಿನ ಕತ್ತಲಲ್ಲಿ ಮಾತ್ರ ಹೊರಡಬೇಡಿ, ಆನೆ ಕಾಟ ಗೊತ್ತೇ ಇದೆ.

ಅಕ್ಟೋಬರ್ ಮೊದಲಿಗೆ ಪುಷ್ಪಗಿರಿ ದಾರಿ ತೆರೆದಿದ್ದರೆ, ಅರಣ್ಯ ಇಲಾಖೆಯ ಬುಕಿಂಗ್ ಮಾಡಿಕೊಂಡು ಕುಕ್ಕೆ ಕಡೆಯಿಂದ ಹತ್ತಿ ಇಳಿಯಿರಿ. ಶಿಖರ 1,712 ಮೀಟರ್, ಕುಕ್ಕೆ ಸುಮಾರು 120. ಅಂದರೆ 1,600 ಮೀಟರ್ ಹತ್ತಿರ ಇಳಿಜಾರು. ಸರ್ಕ್ಯೂಟ್‌ನಲ್ಲಿ 5,416 ಮೀಟರ್ ಎತ್ತರದ ತೊರಾಂಗ್ ಲಾ ಪಾಸ್ (ಬೆಟ್ಟಗಳ ನಡುವಿನ ದಾರಿ) ದಾಟಿ ಮುಕ್ತಿನಾಥಕ್ಕೆ ಬರುವಾಗಲೂ ಒಂದೇ ದಿನ ಹೆಚ್ಚುಕಡಿಮೆ ಅಷ್ಟೇ ಇಳಿಯಬೇಕು. ಹತ್ತೋದಕ್ಕೆ ಎಲ್ಲರೂ ತಯಾರಾಗುತ್ತಾರೆ. ತೊಡೆ ನಡುಗೋದು ಇಳಿಯುವಾಗ.

ಗೋಣಿಕೊಪ್ಪ_ಬಾಯ್:

ಅಣ್ಣ ಹೇಳಿದ್ದು ಸರಿ. ಹೊರೆಗೆ ಅಕ್ಕಿ ಹಾಕಬೇಡಿ, ನೀರಿನ ಬಾಟಲಿ ಹಾಕಿ. ಮೇಲೆ ಹೋಗಿ ಚೆಲ್ಲಿಬಿಟ್ಟರೆ ಇಳಿಯುವಾಗ ಮಂಡಿಗೆ ಭಾರ ಇರಲ್ಲ. ಜಿಗಣೆಗೆ ಸಾಕ್ಸ್ ಮೇಲೆ ಹೊಗೆಸೊಪ್ಪಿನ ನೀರು. ಮುಗೀತು.

ಮಡಿಕೇರಿ_ಸಿಸ್ಟರ್:

ನೀರು ಚೆಲ್ಲೋದು ಮೊದಲ ಕೆಲವು ವಾರಕ್ಕೆ ಸರಿ. ಆಮೇಲೆ ಹೊತ್ತುಕೊಂಡೇ ಇಳಿಯಬೇಕು ಮೇಡಂ, ಅಲ್ಲಿ ಬ್ಯಾಗ್ ಬಿಸಾಕಿ ಇಳಿಯೋಕಾಗುತ್ತಾ? ಹೆಜ್ಜೆ ಚಿಕ್ಕದಿರಲಿ, ಎರಡೂ ಕೈಯಲ್ಲಿ ಕೋಲಿರಲಿ.

ನಾನು ಬರೆಯೋಕೆ ಬಂದದ್ದು ಬೇರೆ ವಿಷಯ. ಎತ್ತರಕ್ಕೆ ಇಲ್ಲಿ ತಯಾರಿ ಆಗುವುದೇ ಇಲ್ಲ. ನಮ್ಮ ಜಿಲ್ಲೆಯ ಅತಿ ಎತ್ತರದ ಜಾಗ ತಡಿಯಂಡಮೋಳ್ 1,748 ಮೀಟರ್ ಅಷ್ಟೇ. ಎಷ್ಟೇ ಗಟ್ಟಿ ಆಳಾದರೂ ಮೇಲೆ ತಲೆನೋವು, ವಾಂತಿ ಹಿಡಿಯಬಹುದು. ಹಾಗಾಗಿ ದಿನ ಹೆಚ್ಚು ಇಟ್ಟುಕೊಳ್ಳಿ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ಉಳಿದು ಸುಧಾರಿಸಿಕೊಳ್ಳಬೇಕು. ಪಾಸ್‌ಗೆ ಮೊದಲು ಸಿಗುವ ಮನಾಂಗ್ ಊರಲ್ಲಿ ನಿಲ್ಲುವ ದಿನವನ್ನು ಕೊಯ್ಲಿನ ಆತುರಕ್ಕೆ ಕತ್ತರಿಸಬೇಡಿ. ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯದೆ ಕೆಳಗಿಳಿಯಬೇಕು. ಎತ್ತರದ ಕಾಯಿಲೆ ತಡೆಯೋಕೆ ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ಹೇಳಿ.

ಪಾದ ಒದ್ದೆಯಿದ್ದಾಗ ಗುಳ್ಳೆ ಬೇಗ ಏಳುತ್ತದೆ. ಈಗ ನಡೆಯುವಾಗ ಎಲ್ಲಿ ಉರಿಯುತ್ತದೆ ನೋಡಿಕೊಳ್ಳಿ. ಉರಿ ಶುರುವಾದ ಕೂಡಲೇ ನಿಂತು ಟೇಪ್ ಹಚ್ಚಿ. ಮುಂದಿನ ತಿರುವಿನಲ್ಲಿ ಹಚ್ಚೋಣ ಅನ್ನೋದು ಬೇಡ.

ಮಾದಾಪುರ_ತೋಟ:

ಎಲ್ಲರಿಗೂ ಥ್ಯಾಂಕ್ಸ್. ಶೂ ಒತ್ತಿ ನೋಡಿದೆ. ಎಡಗಾಲಿನದು ಹೆಬ್ಬೆರಳಿಗೆ ರೊಟ್ಟಿ ಚೂರಿನ ಹಾಗೆ ಉದುರಿತು! ಪೇಪರ್ ಪರೀಕ್ಷೆಯೂ ಆಯಿತು. ತಳದ ಹಾಳೆ ಗರಿಗರಿ, ಬೆನ್ನಿನ ಕಡೆಯದು ಹಿಂಡುವಷ್ಟು ಒದ್ದೆ. ಗೊಬ್ಬರದ ಚೀಲ ತೊಳೆದು ಒಲೆ ಮೇಲಿನ ದಾರಕ್ಕೆ ಹಾಕಿದ್ದೇನೆ. ನಾದಿನಿ ಫೋಟೊ ನೋಡಿ ನಗುತ್ತಿದ್ದಾಳೆ, ನಗಲಿ.

ಎರಡು ಪ್ರಶ್ನೆ. ಹೊಸ ಶೂ ಅಳತೆ ಹೇಗೆ ನೋಡಲಿ? ಚಳಿಗೆ ಏನಾದರೂ ಪರೀಕ್ಷೆ ಇದೆಯಾ?

ಶಾಂತಳ್ಳಿ_ಕಡೆಯವ:

ಸಂಜೆ ಹೊತ್ತು ಹೋಗಿ ತಗೊಳ್ಳಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಅಲ್ಲಿ ಹಾಕುವ ದಪ್ಪ ಸಾಕ್ಸನ್ನೇ ಹಾಕಿ ನೋಡಿ. ಇಳಿಜಾರಿನಲ್ಲಿ ನಿಂತಾಗ ಬೆರಳು ಮುಂದೆ ತಾಗಬಾರದು. ಮೊದಲು ಮನೆಯೊಳಗೆ ಹಾಕಿಕೊಂಡು ಓಡಾಡಿ, ಒಪ್ಪಿಗೆಯಾಗದಿದ್ದರೆ ಬದಲಾಯಿಸಬಹುದು. ಆಮೇಲೆ ಕೆಸರಿಗೆ ಇಳಿಸಿ.

ಚಳಿಗೆ ಫ್ರಿಜ್ ಇದೆಯಲ್ಲ. ಹೆಡ್‌ಟಾರ್ಚನ್ನು ಫ್ರೀಜರ್‌ನಲ್ಲಿ ಎರಡು ಗಂಟೆ ಇಟ್ಟು ತೆಗೆದು ಹಚ್ಚಿ. ಪಾಸ್ ದಾಟುವ ದಿನ ಕತ್ತಲಲ್ಲೇ ಹೊರಡಬೇಕು, ಬೆಳಕು ಮಂಕಾದರೆ ಬೇರೆ ಬ್ಯಾಟರಿ ನೋಡಿ. ಅಲ್ಲಿ ತೊಡುವ ಗ್ಲೌಸ್ ಹಾಕಿಕೊಂಡೇ ಬ್ಯಾಗ್‌ನ ಬಕಲ್, ಜಾಕೆಟ್ ಜಿಪ್ ತೆಗೆದು ಹಾಕಿ ನೋಡಿ. ಫಿಲ್ಟರ್ ಮಾತ್ರ ಅಪ್ಪಿತಪ್ಪಿಯೂ ಫ್ರೀಜರ್‌ಗೆ ಇಡಬೇಡಿ. ಒಮ್ಮೆ ನೀರು ಹರಿಸಿದ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಒಡೆಯುತ್ತವೆ, ಹೊರಗೆ ಗೊತ್ತೇ ಆಗಲ್ಲ. ಅಲ್ಲಿ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಂಡು ಮಲಗಿ.