ಮುಂಭಾಗದ ಸಸ್ಪೆನ್ಷನ್‌ನಲ್ಲಿ ‘ಟಕ್ ಟಕ್’ ಸದ್ದು: ಮೂಲವನ್ನು ಪತ್ತೆ ಮಾಡುವುದು ಹೇಗೆ?

ಶರಾವತಿ_ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಸುಮಾರು 70,000 ಕಿ.ಮೀ. ಓಡಿದೆ. ಸಾಗರದ ಆಸುಪಾಸಿನ ಹಳ್ಳಿ ರಸ್ತೆಗಳಲ್ಲೇ ಇದರ ಓಡಾಟ ಹೆಚ್ಚು. ಮಳೆಗಾಲ ಮುಗಿದಾಗಿನಿಂದ ಮುಂದಿನ ಎಡ ಚಕ್ರದ ಕಡೆಯಿಂದ ‘ಟಕ್ ಟಕ್’ ಎಂಬ ಸದ್ದು ಬರುತ್ತಿದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಣ್ಣ ಗುಂಡಿಗಳ ಮೇಲೆ ಹೋಗುವಾಗ ಅದು ಸ್ಪಷ್ಟವಾಗಿ ಕೇಳುತ್ತದೆ. ನುಣುಪಾದ ಹೆದ್ದಾರಿಯಲ್ಲಿ ಕೇಳಿಸುವುದೇ ಇಲ್ಲ. ಗ್ಯಾರೇಜಿನಲ್ಲಿ ಎಡಬದಿಗೆ ಜಾಕಿ ಕೊಟ್ಟು ಎತ್ತಿ, ಚಕ್ರವನ್ನು ಅಲ್ಲಾಡಿಸಿ ನೋಡಿದವರು, ಎಲ್ಲಿಯೂ ಸಡಿಲವಿಲ್ಲವೆಂದೂ ಶಾಕ್ ಅಬ್ಸಾರ್ಬರ್‌ಗಳನ್ನೇ ಜೋಡಿಯಾಗಿ ಬದಲಾಯಿಸಬೇಕೆಂದೂ ಹೇಳಿದರು. ಆದರೆ ಅವುಗಳಲ್ಲಿ ಎಣ್ಣೆ ಸೋರಿದ ಗುರುತಿಲ್ಲ, ಉಬ್ಬು ದಾಟಿದ ಮೇಲೆ ಕಾರು ತೂಗಾಡುವುದೂ ಇಲ್ಲ. ಅಷ್ಟು ಖರ್ಚು ಮಾಡುವ ಮೊದಲು ನಾನೇ ಮಾಡಬಹುದಾದ ಪರೀಕ್ಷೆಗಳೇನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಹಳೆಗಾಡಿ

ಶಾಕ್ ಅಬ್ಸಾರ್ಬರ್‌ಗೆ ಈಗಲೇ ಕೈ ಹಾಕಬೇಡಿ. ಸದ್ದು ಎಲ್ಲಿಂದ ಬರುತ್ತದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದನ್ನು ಮೊದಲು ಗಮನಿಸುವುದು ಒಳ್ಳೆಯದು. ಏಕೆಂದರೆ ಕಬ್ಬಿಣದ ತಗಡಿನ ಮೂಲಕ ಸದ್ದು ಹರಿದು ಬರುವುದರಿಂದ, ಬಲಬದಿಯ ದೋಷ ಎಡಬದಿಯದೆಂಬಂತೆ ಕೇಳಿಸುವುದೂ ಉಂಟು.

ರಸ್ತೆಯ ಅಗಲಕ್ಕೂ ಇರುವ ಹಂಪನ್ನು ನೇರವಾಗಿ, ನಿಧಾನವಾಗಿ ದಾಟಿ ನೋಡಿ. ಆಮೇಲೆ ಒಂದೇ ಚಕ್ರ ಏರಿಳಿಯುವಂತಹ ಗುಂಡಿಯ ಮೇಲೆ ಅದೇ ವೇಗದಲ್ಲಿ ಹೋಗಿ. ಎರಡೂ ಚಕ್ರಗಳು ಒಟ್ಟಿಗೆ ಏರಿದಾಗ ಸ್ಟೆಬಿಲೈಸರ್ ಬಾರ್ (ಎಡ-ಬಲ ಸಸ್ಪೆನ್ಷನ್‌ಗಳನ್ನು ಜೋಡಿಸಿ ಕಾರು ವಾಲುವುದನ್ನು ತಗ್ಗಿಸುವ ಉಕ್ಕಿನ ಸರಳು) ತನ್ನ ರಬ್ಬರ್ ಬುಷ್‌ಗಳೊಳಗೆ ತಿರುಗುತ್ತದೆಯೇ ಹೊರತು ತಿರುಚಿಕೊಳ್ಳುವುದಿಲ್ಲ. ಆದ್ದರಿಂದ ಅದರ ತುದಿಗಳನ್ನು ಸಸ್ಪೆನ್ಷನ್‌ಗೆ ಸೇರಿಸುವ ಚಿಕ್ಕ ಕಡ್ಡಿಗಳಾದ ಲಿಂಕ್ ರಾಡ್‌ಗಳ ಮೇಲೆ ಹೆಚ್ಚು ಒತ್ತಡ ಬೀಳುವುದಿಲ್ಲ. ಒಂದೇ ಚಕ್ರ ಏರಿದಾಗ ಬಾರ್ ತಿರುಚಿಕೊಂಡು, ಲಿಂಕ್ ರಾಡ್‌ನ ತುದಿಯ ಸವೆದ ಬಾಲ್ ತನ್ನ ಗೂಡಿನಲ್ಲಿ ಬಡಿಯುತ್ತದೆ. ಹಂಪಿನ ಮೇಲೆ ಸದ್ದಿಲ್ಲದೆ ಗುಂಡಿಯಲ್ಲಿ ಮಾತ್ರ ಸದ್ದು ಬಂದರೆ ನನ್ನ ಮೊದಲ ಅನುಮಾನ ಲಿಂಕ್ ರಾಡ್‌ನ ಮೇಲೆಯೇ.

ಗ್ಯಾರೇಜಿನಲ್ಲಿ ಅದು ಸಿಕ್ಕದಿರುವುದಕ್ಕೂ ಕಾರಣವಿದೆ. ಒಂದು ಬದಿಗೆ ಮಾತ್ರ ಜಾಕಿ ಕೊಟ್ಟಾಗ ಒಂದು ಚಕ್ರ ಜೋತುಬಿದ್ದು ಇನ್ನೊಂದು ನೆಲದ ಮೇಲೆಯೇ ಇರುವುದರಿಂದ ಬಾರ್ ತಿರುಚಿಕೊಂಡೇ ಇರುತ್ತದೆ, ಲಿಂಕ್ ರಾಡ್ ಬಿಗಿಯಾಗಿ ಎಳೆದಂತಿರುತ್ತದೆ, ಒಳಗಿನ ಸಡಿಲ ಕೈಗೆ ತಿಳಿಯುವುದೇ ಇಲ್ಲ. ಎಂಜಿನ್ ಆರಿಸಿ, ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ ಲಿಂಕ್ ರಾಡ್‌ನ ಮೇಲಿನ ತುದಿ ಕೈಗೆ ಎಟುಕಬಹುದು. ಅದರ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಕಾರಿನ ಚಾವಣಿಯನ್ನು ಹಿಡಿದು ಅಕ್ಕಪಕ್ಕಕ್ಕೆ ಅಲುಗಿಸಿರಿ. ಸವೆದಿದ್ದರೆ ಕಿವಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ.

ಇದರ ಜೊತೆಗೆ, ಅದೇ ಗುಂಡಿಗಳ ಮೇಲೆ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ಹೋಗಿ ನೋಡಿ. ಸದ್ದು ಪೂರ್ತಿ ನಿಂತುಹೋದರೆ ಅದು ಸಸ್ಪೆನ್ಷನ್‌ನದಲ್ಲ. ಬ್ರೇಕ್ ಪ್ಯಾಡ್ ಅಥವಾ ಅದನ್ನು ಒತ್ತುವ ಕ್ಯಾಲಿಪರಿನ ಪಿನ್ ಅಲುಗಾಡುತ್ತಿರಬಹುದು. ನಿಂತ ಜಾಗದಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ‘ಟಣ್’ ಎಂದು ಸ್ಪ್ರಿಂಗ್ ಜಿಗಿದಂತೆ ಕೇಳಿದರೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಬಾಡಿಗೆ ಸೇರುವ ಮೌಂಟಿನ ಬೇರಿಂಗನ್ನು ನೋಡಬೇಕು. ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಸಾಲಾಗಿ ‘ಕಟಕಟ’ ಎಂದರೆ ಅದು ಹೊರಗಿನ ಸಿ.ವಿ. ಜಾಯಿಂಟ್ (ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ತಲುಪಿಸುವ ಕೀಲು). ಇವೆಲ್ಲಕ್ಕೂ ಮೊದಲು ಬಾನೆಟ್ಟಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್‌ಗಳು ಭದ್ರವಾಗಿವೆಯೇ ಎಂದು ನೋಡಿಬಿಡಿ, ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ.

ಬೋಲ್ಟು_ನಟ್ಟು

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಕ್ರಮವನ್ನು ಸ್ವಲ್ಪ ಬದಲಿಸುತ್ತೇನೆ. ಲಿಂಕ್ ರಾಡ್ ಸವೆದರೆ ಕಿರಿಕಿರಿ ಮಾತ್ರ. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳಾದ ಲೋಯರ್ ಆರ್ಮಿನ ಬಾಲ್ ಜಾಯಿಂಟ್ (ತುದಿಯ ಗುಂಡು ಕೀಲು) ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಆದ್ದರಿಂದ ಅದನ್ನು ಮೊದಲು ನೋಡಬೇಕು. ಸ್ಟ್ರಟ್ ಇರುವ ಕಾರುಗಳಲ್ಲಿ ಭಾರ ಸ್ಪ್ರಿಂಗಿನ ಮೂಲಕ ಬಾಡಿಗೆ ಹೋಗುವುದರಿಂದ, ಲೋಯರ್ ಆರ್ಮ್ ಆ ಭಾರವನ್ನು ಹೊರುವುದಿಲ್ಲ. ಈ ಜಾಯಿಂಟಿನ ಸಡಿಲವನ್ನು ಚಕ್ರ ಜೋತುಬಿದ್ದಿರುವಾಗಲೇ ಸನ್ನೆಗೋಲಿನಿಂದ ಆರ್ಮನ್ನು ಒತ್ತಿ ನೋಡಬಹುದು. ಚಕ್ರದ ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ: ಸಡಿಲ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಎಡಕ್ಕೂ ಬಲಕ್ಕೂ ಮಾತ್ರ ಅಲುಗಾಡಿದರೆ ಸ್ಟಿಯರಿಂಗ್ ಸರಳಿನ ಕೀಲುಗಳಾದ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್. ಕೇವಲ ಜಾಕಿಯನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇಡಿ.

ಶರಾವತಿ_ತೀರ

ಇಬ್ಬರಿಗೂ ಧನ್ಯವಾದಗಳು. ಬ್ರೇಕ್ ಒತ್ತಿದರೂ ಸದ್ದು ನಿಲ್ಲಲಿಲ್ಲ. ಹಂಪನ್ನು ನೇರವಾಗಿ ದಾಟಿದಾಗ ಏನೂ ಕೇಳಲಿಲ್ಲ, ಓರೆಯಾಗಿ ದಾಟಿದಾಗ ಚೆನ್ನಾಗಿ ಕೇಳಿತು. ಬಾಲ್ ಜಾಯಿಂಟನ್ನು ಸ್ಟ್ಯಾಂಡಿನ ಮೇಲೆ ಬೇರೊಬ್ಬ ಮೆಕ್ಯಾನಿಕ್ ನೋಡಿದರು, ಗಟ್ಟಿಯಾಗಿದೆ. ನನ್ನ ತಮ್ಮ ಕಾರನ್ನು ಅಲುಗಿಸಿದಾಗ ಎಡಬದಿಯ ಲಿಂಕ್ ರಾಡ್‌ನ ಮೇಲಿನ ತುದಿ ಬೆರಳಿಗೆ ಬಡಿಯಿತು. ಅದರ ರಬ್ಬರ್ ಟೋಪಿ ಹರಿದು ಒಳಗೆ ಕೆಂಪು ಕೆಸರು ಸೇರಿದೆ. ಲೋಯರ್ ಆರ್ಮಿನ ಹಿಂದಿನ ಬುಷ್ ಕೂಡ ಬಿರುಕು ಬಿಟ್ಟಿರುವುದು ಕಾಣುತ್ತಿದೆ. ಎರಡನ್ನೂ ಒಟ್ಟಿಗೆ ಮಾಡಿಸುವುದು ಸರಿಯೇ?

ಹಳೆಗಾಡಿ

ಲಿಂಕ್ ರಾಡ್‌ಗಳನ್ನು ಎರಡೂ ಬದಿಗೆ ಹಾಕಿಸಿ. ಬೆಲೆ ಹೆಚ್ಚಿಲ್ಲ, ಬಲಬದಿಯದೂ ಅದೇ ಕೆಸರಿನಲ್ಲಿ ಓಡಿದೆ. ಬುಷ್‌ನ ಮಾತು ಬೇರೆ. ಮೇಲ್ಮೈಯ ಸಣ್ಣ ಬಿರುಕಿಗೆ ಅವಸರವಿಲ್ಲ, ಆದರೆ ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ, ಅಥವಾ ಬ್ರೇಕ್ ಹಾಕಿದಾಗ ‘ದಡ್’ ಎಂದು ಒಂದೇ ಪೆಟ್ಟು ಕೇಳುತ್ತಿದ್ದರೆ ಮಾಡಿಸಲೇಬೇಕು. ಮಾಡಿಸುವಾಗ ಆರ್ಮಿನ ಬೋಲ್ಟುಗಳನ್ನು ಚಕ್ರ ಜೋತುಬಿದ್ದಿರುವಾಗಲೇ ಕೊನೆಯ ಬಿಗಿ ಹಾಕದಂತೆ ನೋಡಿಕೊಳ್ಳಿ. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಟಾರ್ಕ್ ರೆಂಚಿನಿಂದ (ಬಿಗಿಯನ್ನು ಅಳೆದು ಹಾಕುವ ಪಾನಾ) ಬಿಗಿಸಬೇಕು, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಲಿಂಕ್ ರಾಡ್ ಮಾತ್ರ ಬದಲಾಯಿಸಿದರೆ ಅಲೈನ್‌ಮೆಂಟಿನ ಅಗತ್ಯವಿಲ್ಲ.