ಮಾತ್ರೆ ಕಪಾಟಿನಲ್ಲಿದೆ, ಕೊಡುವ ಅಧಿಕಾರ ನನಗಿಲ್ಲ. ಸಿಎಚ್‌ಒಗಳು, ನರ್ಸ್ ಪ್ರಾಕ್ಟೀಷನರ್ ಓದಿದವರು ಸ್ವಲ್ಪ ಹೇಳಿ

ಜಡಿಮಳೆ_ಸಿಸ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೊಸನಗರ ಕಡೆ ಒಂದು ಉಪಕೇಂದ್ರದಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಆಗಿದ್ದೇನೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಮೂರು ವರ್ಷ ಐಸಿಯುನಲ್ಲಿ ಕೆಲಸ ಮಾಡಿದೆ. ಆಮೇಲೆ ಆರು ತಿಂಗಳ ಕಮ್ಯುನಿಟಿ ಹೆಲ್ತ್ ಕೋರ್ಸ್ ಮಾಡಿ ಇಲ್ಲಿಗೆ ಬಂದೆ. ಬೋರ್ಡ್ ಮೇಲೆ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತಿದೆ, ಊರಿನವರಿಗೆ ಮಾತ್ರ ಇವತ್ತಿಗೂ ಅದು 'ಸಿಸ್ಟರ್ ಮನೆ'.

ಮೊನ್ನೆ ಒಬ್ಬರು ಬಂದರು. ಐವತ್ತರ ಆಸುಪಾಸು, ಅಡಿಕೆ ಮರ ಹತ್ತುವ ಕೆಲಸ. ತಲೆ ಹಿಡಿದುಕೊಂಡೇ ಬಂದರು. ಬಿಪಿ 178/104. ಕೂರಿಸಿ, ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಇನ್ನೊಂದು ಕೈಗೆ ಕಟ್ಟಿ ನೋಡಿದೆ. 174/102. ಎದೆನೋವಿಲ್ಲ, ಕಣ್ಣು ಮಂಜಾಗಿಲ್ಲ, ಕೈಕಾಲು ಸರಿ ಇದೆ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಬಿಪಿ ಮಾತ್ರೆ ಅಮ್ಲೋಡಿಪಿನ್ ಇದೆ. ಆದರೆ ಹೊಸ ಕೇಸ್‌ಗೆ ಮೊದಲ ಮಾತ್ರೆ ಮೆಡಿಕಲ್ ಆಫೀಸರ್ರೇ ಬರೆಯಬೇಕು. ಅವರು ಬರೆದ ಮೇಲೆ ತಿಂಗಳು ತಿಂಗಳು ಕೊಡುತ್ತಾ ಹೋಗುವುದಷ್ಟೇ ನನ್ನ ಪಾಲಿನದು. ಸರಿ, ಇ-ಸಂಜೀವಿನಿಯಲ್ಲಿ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ) ಡಾಕ್ಟರ್‌ನ ಹಿಡಿಯೋಣ ಅಂದರೆ ಎರಡು ದಿನದಿಂದ ಕರೆಂಟ್ ಇಲ್ಲ, ಟವರ್‌ನ ಬ್ಯಾಟರಿ ಸತ್ತಿದೆ. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) 19 ಕಿಲೋಮೀಟರ್. ಅವತ್ತು ಡಾಕ್ಟರ್ ಅಲ್ಲೂ ಇರಲಿಲ್ಲ, ಮೀಟಿಂಗ್‌ಗೆ ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು.

ಪಿಎಚ್‌ಸಿಗೆ ಹೋಗಿ ತೋರಿಸಿ ಅಂತ ಚೀಟಿ ಬರೆದು ಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗಿಟ್ಟು, 'ಕೊಳೆ ಔಷಧಿ ಹೊಡೆದು ಮುಗೀಲಿ ಅಕ್ಕ, ಮಳೆ ಬಿಟ್ಟು ಹೊಳವು ಸಿಕ್ಕಿದೆ, ಈಗ ಬಿಟ್ಟರೆ ಫಸಲು ಹೋಗುತ್ತೆ' ಅಂದರು. ಎರಡು ದಿನ ಬಿಟ್ಟು ಸ್ಕೂಟಿಯಲ್ಲಿ ಅವರ ಮನೆ ಕಡೆ ಹೋದರೆ ಮನುಷ್ಯ ಮರದ ಮೇಲಿದ್ದಾರೆ! ಕೆಳಗೆ ಡ್ರಮ್‌ನಲ್ಲಿ ಅವರೇ ಅಳತೆ ಮಾಡಿ ಕಲಸಿದ ಮೈಲುತುತ್ತ, ಸುಣ್ಣ. ಆ ಬಿಪಿ ಇಟ್ಟುಕೊಂಡು ಅಷ್ಟೆತ್ತರದಲ್ಲಿ ತಲೆ ಸುತ್ತಿದರೆ ಏನು ಗತಿ ಅಂತ ನಾನು ಕೆಳಗೆ ನಿಂತು ಬೆವರಿದೆ.

ನಾನು ಕೇಳುವುದು ಇಷ್ಟು. ಕಾನೂನಿನ ಪ್ರಕಾರ ನರ್ಸ್ ಆಗಿ ನಾನು ಎಲ್ಲಿವರೆಗೆ ಹೋಗಬಹುದು? ನರ್ಸ್ ಪ್ರಾಕ್ಟೀಷನರ್ ಕೋರ್ಸ್ (ನರ್ಸ್‌ಗಳೇ ರೋಗಿ ನೋಡಿ ಚಿಕಿತ್ಸೆ ಕೊಡಲು ಕಲಿಯುವ ಹೆಚ್ಚಿನ ಓದು) ಮಾಡಿದರೆ ಔಷಧಿ ಬರೆಯುವ ಅಧಿಕಾರ ಸಿಗುತ್ತದಾ, ಅಥವಾ ಗೋಡೆಗೆ ಇನ್ನೊಂದು ಸರ್ಟಿಫಿಕೇಟ್ ಅಷ್ಟೇನಾ? ಮನೆಯಲ್ಲಿ 'ಓದಿದ್ದು ಸಾಲದಾ' ಅಂತ ಶುರುವಾಗಿದೆ, ಅದಕ್ಕೇ ಕೇಳುತ್ತಿದ್ದೇನೆ.

ಟ್ಯೂಟರಮ್ಮ_ಶಿವಮೊಗ್ಗ:

ಸಿಸ್ಟರ್, ಮೊದಲು ಕಹಿ ವಿಷಯ ಹೇಳಿಬಿಡುತ್ತೇನೆ. 1945ರ ಔಷಧ ನಿಯಮಗಳ ಪ್ರಕಾರ ಷೆಡ್ಯೂಲ್ ಎಚ್ ಪಟ್ಟಿಯಲ್ಲಿರುವ ಮಾತ್ರೆಗೆ ನೋಂದಾಯಿತ ವೈದ್ಯರ ಚೀಟಿ ಬೇಕು. ನೀವು ನೋಂದಾಯಿತ ನರ್ಸ್, ನೋಂದಾಯಿತ ವೈದ್ಯರಲ್ಲ. ನಿಮಗೆ ಎಷ್ಟೇ ಗೊತ್ತಿರಲಿ, ಆ ಸಾಲಿನ ಮುಂದೆ ನೀವು ನಿಲ್ಲಲೇಬೇಕು. ಇ-ಸಂಜೀವಿನಿಯಲ್ಲೂ ಅಷ್ಟೇ, ರೋಗಿಯನ್ನು ಮುಟ್ಟಿ ನೋಡುವವರು ನೀವು, ಚೀಟಿ ಹೊರಡುವುದು ಆ ಕಡೆ ಕೂತ ಡಾಕ್ಟರ್ ಹೆಸರಲ್ಲಿ.

ಹಾಗಂತ ಬಾಗಿಲು ತೆರೆದೇ ಇಲ್ಲ ಅಂತಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಇದೆಯಲ್ಲ, ಅದರ 32ನೇ ಸೆಕ್ಷನ್ ತೆಗೆದು ಓದಿ. ಕಮ್ಯುನಿಟಿ ಹೆಲ್ತ್ ಪ್ರೊವೈಡರ್ ಅಂತ ಸೀಮಿತ ಲೈಸೆನ್ಸ್ ಕೊಡಬಹುದು, ಪ್ರಾಥಮಿಕ ಚಿಕಿತ್ಸೆಯಲ್ಲಿ, ರೋಗ ತಡೆಯುವ ಕೆಲಸದಲ್ಲಿ ಗೊತ್ತುಮಾಡಿದ ಔಷಧಿಗಳನ್ನು ಅವರು ಸ್ವತಂತ್ರವಾಗಿ ಬರೆಯಬಹುದು, ಇಂಥವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಭಾಗ ಮೀರಬಾರದು ಅಂತೆಲ್ಲ ಬರೆದಿದ್ದಾರೆ. ಆ ಸೆಕ್ಷನ್ ವಿರುದ್ಧ ಆ ವರ್ಷ ದೇಶದಲ್ಲೆಲ್ಲ ಡಾಕ್ಟರ್‌ಗಳು ಮುಷ್ಕರ ಮಾಡಿದ್ದು ನಿಮಗೂ ನೆನಪಿರಬಹುದು. ಕಾಯ್ದೆಯಲ್ಲಿ ಸಾಲು ಉಳಿಯಿತು. ಅದರ ಅಡಿಯಲ್ಲಿ ಲೈಸೆನ್ಸ್ ಪಡೆದ ಒಬ್ಬ ನರ್ಸ್‌ನೂ ನಾನು ಇಲ್ಲಿವರೆಗೆ ಕಂಡಿಲ್ಲ.

ಕೋರ್ಸ್ ವಿಚಾರ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕ್ರಿಟಿಕಲ್ ಕೇರ್‌ಗೆ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಎಂಎಸ್ಸಿ ತಂದಿದೆ. ಹೆರಿಗೆ ವಿಭಾಗಕ್ಕೆ 2018ರ ಮಾರ್ಗಸೂಚಿಯಲ್ಲಿ 18 ತಿಂಗಳ ಮಿಡ್‌ವೈಫರಿ ತರಬೇತಿ ಇದೆ. ಓದು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ವಿದ್ಯಾರ್ಥಿನಿ ಒಬ್ಬಳು ಕ್ರಿಟಿಕಲ್ ಕೇರ್ ಮುಗಿಸಿ ಒಂದು ದೊಡ್ಡ ಆಸ್ಪತ್ರೆ ಸೇರಿದಳು. ಅಲ್ಲಿ ಆ ಹೆಸರಿನ ಹುದ್ದೆಯೇ ಇಲ್ಲ. ಅದೇ ಸ್ಟಾಫ್ ನರ್ಸ್ ಯೂನಿಫಾರ್ಮ್, ಅದೇ ರೋಸ್ಟರ್, ಅದೇ ಸಂಬಳ. ವೆಂಟಿಲೇಟರ್ ಸೆಟ್ಟಿಂಗ್ ಬದಲಿಸಬೇಕು ಅಂತ ಅವಳಿಗೆ ಗೊತ್ತಾಗುತ್ತದೆ, ನೆನ್ನೆ ಬಂದ ಹೌಸ್ ಸರ್ಜನ್‌ಗೆ ಅವಳೇ ಹೇಳಿಕೊಡುತ್ತಾಳೆ, ಆತ ಬರೆದು ಸಹಿ ಹಾಕಿದ ಮೇಲೆ ಅವಳೇ ಹೋಗಿ ಬದಲಿಸುತ್ತಾಳೆ. ಕೋರ್ಸ್ ಇದೆ, ಕುರ್ಚಿ ಇಲ್ಲ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆ ತೆಗೆದು 2023ರಲ್ಲಿ ಹೊಸ ಆಯೋಗದ ಕಾಯ್ದೆ ತಂದಿದ್ದಾರೆ, ನೋಡೋಣ.

ಬರೆಯುವ ಅಧಿಕಾರ ಸಿಗುತ್ತೆ ಅನ್ನೋ ಒಂದೇ ಆಸೆಯಿಂದ ಸೇರುವುದಾದರೆ ಸದ್ಯಕ್ಕೆ ಬೇಡ. ಕಲಿಯುವ ಆಸೆಗೆ ಆದರೆ ಖಂಡಿತ ಸೇರಿ.

ಹಳೇ_ಸ್ಟೆತಸ್ಕೋಪ್:

ನಾನು ಪಿಎಚ್‌ಸಿ ಡಾಕ್ಟರ್, ಇದೇ ಜಿಲ್ಲೆ. ಬೈಯಬೇಡಿ, ಪೂರ್ತಿ ಓದಿ.

ಸಿಸ್ಟರ್ ಮಾಡಿದ ಪರೀಕ್ಷೆ ಸರಿಯಾಗೇ ಇದೆ. ನಾನಾಗಿದ್ದರೂ ಅದೇ ಅಮ್ಲೋಡಿಪಿನ್ 5 ಮಿಲಿಗ್ರಾಂ ಬರೆಯುತ್ತಿದ್ದೆ. ಆದರೆ ಎಲ್ಲಾ ಕೇಸೂ ಇಷ್ಟು ನೇರ ಇರುವುದಿಲ್ಲ. ಮಂಗನ ಕಾಯಿಲೆ ಸೀಸನ್ ತಗೊಳ್ಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ ಕಾಯಿಲೆ, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋದವರು ಜ್ವರ, ಸೊಂಟನೋವು ಅಂತ ಬರುತ್ತಾರೆ. ಮಾಮೂಲಿ ಜ್ವರ ಅಂದುಕೊಂಡು ನೋವಿನ ಇಂಜೆಕ್ಷನ್ ಚುಚ್ಚಿದರೆ ರಕ್ತಸ್ರಾವದ ಅಪಾಯ ಜಾಸ್ತಿ. ಕೆಲವರಿಗೆ ಜ್ವರ ಬಿಟ್ಟು ವಾರ ಎರಡು ವಾರಕ್ಕೆ ಮತ್ತೆ ಬರುತ್ತದೆ, ಆಗ ಮೆದುಳಿನ ತೊಂದರೆ. ಇಂಥ ಕಡೆ ಆರು ತಿಂಗಳ ಕೋರ್ಸ್ ಸಾಕಾ ಅನ್ನೋ ಪ್ರಶ್ನೆ ನನಗಿದೆ. (ನಾನು ಕಂಡ ಒಂದು ಕೇಸ್‌ನಲ್ಲಿ ಹಾಗೆ ಚುಚ್ಚಿ ಕಳಿಸಿದ್ದು ನರ್ಸ್ ಅಲ್ಲ, ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಂಡವರೇ. ಇದನ್ನು ಹೇಳಿದರೆ ನನ್ನ ವಾದಕ್ಕೇ ಏಟು, ಗೊತ್ತು.)

ಇನ್ನೊಂದು, ಸಹಿ. ಹೆಚ್ಚುಕಮ್ಮಿ ಆದರೆ ಮೊದಲು ಕೇಳುವುದು ಯಾರ ಸಹಿ ಅಂತ. ಅದಕ್ಕೇ ನಮಗೆ ಭಯ. ಆದರೆ ನಿಜ ಹೇಳಲಾ? ಖಾಲಿ ಚೀಟಿಗಳಿಗೆ ಸಹಿ ಹಾಕಿ ಸಿಸ್ಟರ್ ಟೇಬಲ್ ಡ್ರಾಯರ್‌ನಲ್ಲಿ ಇಟ್ಟು ಹೋಗುವವರನ್ನು ನಾನು ನೋಡಿದ್ದೇನೆ. ಕೆಲಸ ನರ್ಸ್ ಮಾಡುತ್ತಾರೆ, ಹೆಸರು ಡಾಕ್ಟರ್‌ದು, ರೋಗಿಗೆ ಯಾರು ನೋಡಿದರು ಅಂತಲೇ ಗೊತ್ತಿಲ್ಲ. ಇದಕ್ಕಿಂತ ಅಧಿಕಾರ ಕೊಟ್ಟು ಹೊಣೆಯನ್ನೂ ಕೊಡುವುದೇ ಎಷ್ಟೋ ವಾಸಿ.

ನನ್ನ ಪಿಎಚ್‌ಸಿಯಲ್ಲಿ ಒಬ್ಬನೇ ಇದ್ದೇನೆ. ಓಪಿಡಿ ನಾನೇ, ಮೀಟಿಂಗ್ ನಾನೇ, ಪೋಸ್ಟ್‌ಮಾರ್ಟಂಗೂ ನಾನೇ. 2017ರಲ್ಲಿ ಶುರುವಾದ ಐಎಚ್‌ಸಿಐ ಅನ್ನೋ ಬಿಪಿ ನಿಯಂತ್ರಣ ಯೋಜನೆಯಲ್ಲಿ ಬಿಪಿಗೆ ಒಂದು ಪುಟದ ಪ್ರೋಟೋಕಾಲ್ ಇದೆ. ಎಷ್ಟಿದ್ದರೆ ಯಾವ ಮಾತ್ರೆ, ಯಾವಾಗ ಹೆಚ್ಚಿಸಬೇಕು, ಎಲ್ಲಾ ಅದರಲ್ಲಿದೆ. ಆ ಪುಟದ ಒಳಗೆ ಬರುವ ರೋಗಿಗೆ ಮೊದಲ ಮಾತ್ರೆಯನ್ನು ಸಿಎಚ್‌ಒ ಕೊಡಲಿ, ಹೊರಗೆ ಹೋದವರನ್ನು ನನ್ನ ಹತ್ತಿರ ಕಳಿಸಲಿ. ಇಷ್ಟಕ್ಕೆ ಸರ್ಕಾರ ಲಿಖಿತ ಆದೇಶ ಕೊಟ್ಟರೆ ನನ್ನ ತಕರಾರಿಲ್ಲ. ಬಾಯಿಮಾತಿನ ಒಪ್ಪಿಗೆ ಮಾತ್ರ ನಾನೂ ಕೊಡಲ್ಲ, ಸಿಸ್ಟರ್, ನೀವೂ ಯಾರಿಂದಲೂ ತಗೋಬೇಡಿ.

ಸುಮ್ನೆ_ಓದುಗ:

ಇವತ್ತು ನರ್ಸ್‌ಗೆ ಕೊಟ್ಟರೆ ನಾಳೆ ಮೆಡಿಕಲ್ ಶಾಪ್‌ನವರೂ ಕೇಳುತ್ತಾರೆ.

ಟ್ಯೂಟರಮ್ಮ_ಶಿವಮೊಗ್ಗ:

ಅವರು ಯಾಕೆ ಕೇಳುತ್ತಾರೆ ಸ್ವಾಮಿ, ಕೇಳದೇ ಕೊಡುತ್ತಿದ್ದಾರಲ್ಲ.

ತೀರ್ಥಹಳ್ಳಿ_ಟು_ಟೆಕ್ಸಾಸ್:

ನಾನು ಇಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್. ಅಮೆರಿಕದಲ್ಲಿ ಎಲ್ಲಾ ಸಸೂತ್ರ ಅಂದುಕೊಳ್ಳಬೇಡಿ. ಈ ಹುದ್ದೆಯ ಮೊದಲ ಕೋರ್ಸ್ 1965ರಲ್ಲಿ ಕೊಲೊರಾಡೋದಲ್ಲಿ ಶುರುವಾಯಿತು. ಅಷ್ಟು ವರ್ಷ ಆದರೂ ಜಗಳ ಮುಗಿದಿಲ್ಲ. ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ನಮ್ಮಂಥವರು ಸ್ವತಂತ್ರವಾಗಿ ನೋಡಬಹುದು, ಬರೆಯಬಹುದು. ಟೆಕ್ಸಾಸ್‌ನಲ್ಲಿ ಆಗಲ್ಲ. ಒಬ್ಬ ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಇರಲೇಬೇಕು, ಅದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುವವರೂ ಇದ್ದಾರೆ. ಪಕ್ಕದ ನ್ಯೂ ಮೆಕ್ಸಿಕೋಗೆ ಗಡಿ ದಾಟಿದರೆ ಒಪ್ಪಂದ ಬೇಡ. ನನ್ನ ಓದು ಅದೇ, ತಲೆ ಅದೇ. ಆಗುಂಬೆ ಘಾಟಿ ಇಳಿದ ಕೂಡಲೇ ಬುದ್ಧಿ ಬಂತು ಅಂದ ಹಾಗೆ! ಒಪ್ಪಂದ ಮಾಡಿಕೊಂಡ ಡಾಕ್ಟರ್ ರಿಟೈರ್ ಆದರೆ ಇನ್ನೊಬ್ಬರು ಸಿಗುವವರೆಗೆ ನಾನು ಪ್ಯಾಡ್ ಮುಟ್ಟುವಂತಿಲ್ಲ, ನನ್ನ ರೋಗಿಗಳ ಪಾಡು ಬೇರೆ. ಇಂಗ್ಲೆಂಡ್‌ನಲ್ಲಿ ತರಬೇತಿ ಪಡೆದ ನರ್ಸ್‌ಗಳು 2006ರಿಂದ ಹೆಚ್ಚುಕಡಿಮೆ ಎಲ್ಲಾ ಔಷಧಿ ಬರೆಯುತ್ತಿದ್ದಾರೆ.

ನರ್ಸ್ ನೋಡಿದರೆ ರೋಗಿಗೆ ನಷ್ಟವಾ? 2000ದಲ್ಲಿ ಜಾಮಾ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 1316 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ನರ್ಸ್ ಪ್ರಾಕ್ಟೀಷನರ್‌ಗಳಿಗೂ ಡಾಕ್ಟರ್‌ಗಳಿಗೂ ಹಂಚಿದರು. ಇಬ್ಬರಿಗೂ ಒಂದೇ ಅಧಿಕಾರ. ಆರು ತಿಂಗಳಾದ ಮೇಲೆ ರೋಗಿಗಳ ಆರೋಗ್ಯ ಎರಡೂ ಕಡೆ ಒಂದೇ. ಬಿಪಿ ಇದ್ದವರ ಕೆಳಗಿನ ಅಂಕೆ ಮಾತ್ರ ನರ್ಸ್ ಕಡೆ 82, ಡಾಕ್ಟರ್ ಕಡೆ 85. ಸಣ್ಣ ವ್ಯತ್ಯಾಸ, ಕುಣಿಯುವಂಥದ್ದಲ್ಲ.

ಆದರೆ ಡಾಕ್ಟ್ರೇ, ಒಂದು ವಿಷಯ ಒಪ್ಪುತ್ತೇನೆ. ನಾವು ನರ್ಸಿಂಗ್ ಡಿಗ್ರಿ ಮೇಲೆ ಮಾಸ್ಟರ್ಸ್ ಮಾಡಿ, ರೋಗಿಗಳ ನಡುವೆ ನೂರಾರು ಗಂಟೆ ಕಳೆದು, ಪರೀಕ್ಷೆ ಬರೆದು ಬಂದವರು. ಅದಕ್ಕೂ ಆರು ತಿಂಗಳಿಗೂ ಹೋಲಿಕೆ ಬೇಡ. ಓದು ಗಟ್ಟಿ ಮಾಡಿ ಅಂತ ಕೇಳುವುದು ನ್ಯಾಯ. ಎರಡು ವರ್ಷ ಗಟ್ಟಿಯಾಗಿ ಓದಿಸಿ, ಆಮೇಲೂ ಕೈ ಕಟ್ಟಿ ಕೂರಿಸುವುದಕ್ಕೆ ಏನು ಹೇಳುತ್ತೀರಿ?

ಹಿನ್ನೀರಿನ_ಹುಡುಗ:

ನಾನು ನರ್ಸೂ ಅಲ್ಲ, ಡಾಕ್ಟರೂ ಅಲ್ಲ. ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯವನು. ಸಿಗಂದೂರು ಸೇತುವೆ ಆಗಿದ್ದು 2025ರಲ್ಲಿ. ಅದಕ್ಕೂ ಮೊದಲು ಸಂಜೆ ಹಿನ್ನೀರು ದಾಟಿಸುವ ಲಾಂಚ್ ನಿಂತರೆ ಮುಗೀತು, ಸಾಗರಕ್ಕೆ ಹೋಗಬೇಕು ಅಂದರೆ ಕಾಡಿನ ರಸ್ತೆಯಲ್ಲಿ ಸುತ್ತು ಹಾಕಬೇಕಿತ್ತು. ನನ್ನ ಅಜ್ಜಿಗೆ ರಾತ್ರಿ ಉಬ್ಬಸ ಬಂದಾಗ ಅಪ್ಪ ಟಾರ್ಚ್ ಹಿಡಿದು ಹೋಗಿ ಬಾಗಿಲು ಬಡಿದಿದ್ದು ಸಿಸ್ಟರ್ ಮನೆಯದು. ಅವರು ನೆಬ್ಯುಲೈಸರ್ ಎತ್ತಿಕೊಂಡೇ ಬಂದರು. ಬರೆಯುವ ಅಧಿಕಾರ ಇದೆಯಾ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಜ್ಜಿ ಬೆಳಿಗ್ಗೆ ಎದ್ದು ಕಾಫಿ ಕೇಳಿದಳು. ಅವತ್ತು ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಆ ಸಿಸ್ಟರ್ ಒಬ್ಬರೇ ಸಿಕ್ಕಿಹಾಕಿಕೊಳ್ಳುತ್ತಿದ್ದರು ಅಂತ ಇದನ್ನೆಲ್ಲ ಓದಿದ ಮೇಲೆ ಈಗ ಗೊತ್ತಾಗುತ್ತಿದೆ. ನಾವಂತೂ ಅವರಿಗೆ ಗೊನೆ ಬಾಳೆಹಣ್ಣು ಕೊಟ್ಟು ಸುಮ್ಮನಾಗಿದ್ದೆವು.

ಜಡಿಮಳೆ_ಸಿಸ್ಟರ್:

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟ್ರೇ, ನಿಮ್ಮ ಮೇಲೆ ಸಿಟ್ಟಿಲ್ಲ. ಆ ಒಂದು ಪುಟದ ಪ್ರೋಟೋಕಾಲ್ ಮಾತು ಹಿಡಿದುಕೊಂಡು ನಮ್ಮ ಮೆಡಿಕಲ್ ಆಫೀಸರ್ ಹತ್ತಿರ ಹೋಗಿದ್ದೆ. ಹೊಸ ಕೇಸ್‌ಗೆ ಮೊದಲ ಮಾತ್ರೆ ಕೊಡುವ ವಿಷಯ ಮೇಲಿನವರಿಗೆ ಬರೆಯೋಣ, ನೀವೇ ಡ್ರಾಫ್ಟ್ ಮಾಡಿ ತನ್ನಿ ಅಂದರು. ಮಾಡುತ್ತಿದ್ದೇನೆ. ಟ್ಯೂಟರ್ ಮೇಡಂ, ನಿಮಗೆ ಮೆಸೇಜ್ ಹಾಕಿದ್ದೇನೆ, ಸೆಕ್ಷನ್ 32 ಬರೆಯುವುದು ಹೇಗೆ ಅಂತ ಒಮ್ಮೆ ನೋಡಿ ಹೇಳಿ. ಕೋರ್ಸ್ ಈ ವರ್ಷ ಬೇಡ ಅಂತ ತೀರ್ಮಾನಿಸಿದೆ. ಕಾಂಟ್ರಾಕ್ಟ್ ಬಿಟ್ಟು ಹೋದರೆ ವಾಪಸ್ ಇದೇ ಜಾಗ ಸಿಗುವುದೂ ಕಷ್ಟ.

ಆ ಮರ ಹತ್ತುವವರನ್ನು ಕೊನೆಗೆ ಆಶಾ ಅವರ ಗಂಡನ ಜೀಪಲ್ಲಿ ಹತ್ತಿಸಿ ಪಿಎಚ್‌ಸಿಗೆ ಕಳಿಸಿದೆವು. ಡಾಕ್ಟರ್ ಬರೆದಿದ್ದು ಅಮ್ಲೋಡಿಪಿನ್ 5 ಮಿಲಿಗ್ರಾಂ, ದಿನಕ್ಕೊಂದು. ಕೊಟ್ಟಿದ್ದು ನನ್ನ ಕಪಾಟಿನಿಂದಲೇ. ನಿನ್ನೆ ಬಂದಿದ್ದರು, 146/90. 'ನೀವು ಅವತ್ತೇ ಕೊಡಬಹುದಿತ್ತಲ್ಲ ಅಕ್ಕ, ಇಲ್ಲೇ ಇತ್ತಲ್ಲ' ಅಂದರು. ನಾನು ಮುಂದಿನ ತಿಂಗಳ ತಾರೀಖು ಕಾರ್ಡ್‌ನಲ್ಲಿ ಬರೆದು ಕೊಟ್ಟೆ.