‘ಸಿಪಿಯು’ ಒಳಗೆ ‘ಸಿಪಿಯು’: ಪದ ಬೇಕಾಗಿದೆ

ಮಾನ್ಯರೇ,

ವೈಯಕ್ತಿಕ ಗಣಕಗಳ ವಿನ್ಯಾಸ ಬೆಳೆದುಬಂದ ಬಗೆಯನ್ನು ತೋರಿಸುವ ಪ್ರದರ್ಶನವೊಂದರ ವಿವರಣಾ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅವು ಅಚ್ಚಿಗೆ ಹೋಗಬೇಕು. 1981ರ ಐಬಿಎಂ ಪಿಸಿಯಲ್ಲಿ ಪರದೆ ಮತ್ತು ಕೀಲಿಮಣೆ ಬೇರೆಬೇರೆಯಾಗಿದ್ದು, ಉಳಿದದ್ದೆಲ್ಲ ಲೋಹದ ಪೆಟ್ಟಿಗೆಯೊಂದರಲ್ಲಿತ್ತು. ಬಳಕೆಯ ಮಾತಿನಂತೆ ಅದನ್ನು ‘ಸಿಪಿಯು’ ಎಂದರೆ, ಮುಂದಿನ ವಾಕ್ಯ ‘ಸಿಪಿಯು ಒಳಗೆ ಇಂಟೆಲ್ 8088 ಸಿಪಿಯು ಇದೆ’ ಎಂದಾಗುತ್ತದೆ; ಲೆಕ್ಕಾಚಾರ ನಡೆಸುವ ಚಿಪ್ಪಿಗೂ (ಚಿಪ್) ಸಿಪಿಯು, ಅಂದರೆ ಸೆಂಟ್ರಲ್ ಪ್ರೊಸೆಸಿಂಗ್ ಯೂನಿಟ್, ಎಂದೇ ಹೆಸರು. ‘ಗಣಕಪೆಟ್ಟಿಗೆ’ ಎಂದರೆ ಆದೀತೇ?

ಮೊದಲ ಉತ್ತರ

ಆಗದು. ‘ಗಣಕ’ ತತ್ಸಮ, ‘ಪೆಟ್ಟಿಗೆ’ಯನ್ನು ದೇಶ್ಯವೆಂದರೂ ‘ಪೇಟಿಕೆ’ಯ ತದ್ಭವವೆಂದರೂ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆಯುವ ದೋಷ, ತಪ್ಪದು. ಬಿರುದಾವಳಿಗೂ ಪೂರ್ವಕವಿಪ್ರಯೋಗಕ್ಕೂ ಇರುವ ವಿನಾಯಿತಿಯನ್ನು ಫಲಕ ಬರೆಯುವವರು ಕೇಳುವಂತಿಲ್ಲ. ‘ಗಣಕಪೇಟಿಕೆ’ ಎಂದು ಬರೆಯಿರಿ. ‘ಸಿಪಿಯು’ವಿನ ಮಾತೇ ಬೇಡ, ಪರಭಾಷೆಯ ಮೂರು ಅಕ್ಷರಗಳನ್ನು, ಅದೂ ತಪ್ಪು ಅರ್ಥದಲ್ಲಿ, ಪದವೆಂದು ಒಪ್ಪಿಕೊಳ್ಳುವುದಾದರೆ ನಿಘಂಟಿನ ಕೆಲಸವೇನು?

ಎರಡನೆಯ ಉತ್ತರ

ಎರವಲೇ ದೋಷವೆನ್ನುವವರು ‘ಗಣಕ’ವನ್ನು ಏಕೆ ಉಳಿಸಿಕೊಂಡರು? ಎಣಿಸುವುದೆಂಬ ಅರ್ಥದ ಕನ್ನಡದ ‘ಎಣ್ಣು’ವಿನಿಂದ ‘ಎಣ್ಣುಕದ ಪೆಟ್ಟಿಗೆ’ ಎಂದರೆ ಸಮಾಸದ ಜಗಳವೇ ಇರದು.

ಮೂರನೆಯ ಉತ್ತರ

‘ಎಣ್ಣುಕ’ದ ಅರ್ಥ ಹೇಳಲು ಇನ್ನೊಂದು ಫಲಕ ಬೇಕಾಗುತ್ತದೆ. ಗಣಕನೆಂದರೆ ಹಿಂದೆ ಜೋಯಿಸನಾದ್ದರಿಂದ ‘ಗಣಕಪೇಟಿಕೆ’ಯಲ್ಲಿ ನನಗೆ ಕಾಣುವುದು ಕವಡೆಗಳು ಮಾತ್ರ.

‘ಸಿಪಿಯು’ವಿನ ಅರ್ಥ ತಪ್ಪೆಂಬ ತೀರ್ಪೂ ಅವಸರದ್ದು. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360 ಕಾಲದ ದೊಡ್ಡ ಗಣಕಗಳಲ್ಲಿ ಸಿಪಿಯು ಎಂಬುದು ಬೀರುವಿನಷ್ಟು ದೊಡ್ಡ ಕಪಾಟೇ ಆಗಿತ್ತು. 1971ರ ಇಂಟೆಲ್ 4004 ಬಂದು ಅದನ್ನು ಒಂದೇ ಚಿಪ್ಪಿಗೆ ಇಳಿಸಿದ ಮೇಲೆ ಹೆಸರೂ ಚಿಪ್ಪಿನೊಂದಿಗೆ ಹೋಯಿತು. ಪೆಟ್ಟಿಗೆಗೆ ಆ ಹೆಸರು ಹೊಸದಲ್ಲ, ಆದರೆ ಈ ಫಲಕದಲ್ಲಿ ಅದು ಗೊಂದಲವನ್ನೇ ತರುತ್ತದೆ.

ಕೇಳಿದವರು ಇನ್ನೊಂದನ್ನು ಗಮನಿಸಬೇಕು. ಯಾವ ಪದವನ್ನು ಆರಿಸಿದರೂ ಅದು ಪ್ರದರ್ಶನದ ಉದ್ದಕ್ಕೂ ಹೊಂದದು. 1977ರ ಆಪಲ್ 2ರಲ್ಲಿ ಕೀಲಿಮಣೆಯೂ ಮುಖ್ಯ ಮಂಡಲಫಲಕವೂ (ಮದರ್‌ಬೋರ್ಡ್) ಒಂದೇ ಕವಚದಲ್ಲಿದ್ದವು. 1998ರ ಐಮ್ಯಾಕ್‌ನಲ್ಲಿ ಎಲ್ಲವೂ ಪರದೆಯ ಬೆನ್ನಿಗೆ ಸೇರಿತು. 2020ರ ಆಪಲ್ ಎಂ1ರಲ್ಲಂತೂ ಸ್ಮೃತಿಯ (ಮೆಮೊರಿ) ಚಿಪ್ಪುಗಳೇ ಸಂಸ್ಕಾರಕದ (ಪ್ರೊಸೆಸರ್) ಪಕ್ಕಕ್ಕೆ, ಒಂದೇ ಪೊಟ್ಟಣದೊಳಕ್ಕೆ ಬಂದವು. ಬಿಡಿಭಾಗಗಳನ್ನು ಪ್ರತ್ಯೇಕಿಸಿ ಇಟ್ಟ ವಿನ್ಯಾಸಕ್ಕೆ ಮಾತ್ರ ಈ ಹೆಸರು ಬೇಕು. ಐಬಿಎಂ ತಾನೇ ಅದನ್ನು ‘ಸಿಸ್ಟಂ ಯೂನಿಟ್’ ಎಂದಿತ್ತು. ಆ ಫಲಕದಲ್ಲಿ ‘ಮುಖ್ಯ ಪೆಟ್ಟಿಗೆ’ ಎಂದೂ, ಒಳಗಿನ ಚಿಪ್ಪಿಗೆ ‘ಸಂಸ್ಕಾರಕ’ ಎಂದೂ ಬರೆಯಿರಿ. ಉಳಿದ ಫಲಕಗಳಲ್ಲಿ ‘ಕವಚ’ ಸಾಕು.

ಕೇಳಿದವರಿಂದ

‘ಮುಖ್ಯ ಪೆಟ್ಟಿಗೆ’, ‘ಸಂಸ್ಕಾರಕ’ ಎರಡನ್ನೂ ಸೇರಿಸಿದ್ದೇನೆ. ಎಲ್ಲರಿಗೂ ವಂದನೆಗಳು.

ಮೊದಲ ಉತ್ತರದವರಿಂದ

‘ಮುಖ್ಯ’ವೂ ತತ್ಸಮವೇ. ನಡುವೆ ಜಾಗ ಬಿಟ್ಟ ಮಾತ್ರಕ್ಕೆ ಅರಿಸಮಾಸ ಬಿಡುವುದಿಲ್ಲ. ‘ಮುಖ್ಯವಾದ ಪೆಟ್ಟಿಗೆ’ ಎಂದು ತಿದ್ದಲು ನಾಳೆ ಸಂಜೆಯವರೆಗೆ ಸಮಯವಿದೆ.